ಗೇಟಿನಾಚೆ ಅಜ್ಜಿ, ಫೋನಿನಲ್ಲಿ ಬರೀ ಕಿವಿ

ಈ ಸಂಚಿಕೇನ ನೀವು ಫೋನಲ್ಲೇ ಕೇಳ್ತಿದೀರಿ ಅಲ್ವಾ? ಇವತ್ತಿನ ಕಥೆಯಲ್ಲೂ ಫೋನ್‌ದೇ ದೊಡ್ಡ ಪಾತ್ರ.

ನಮ್ಮೂರು ಚನ್ನರಾಯಪಟ್ಟಣ. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನದು. ವಿಮಾನದ ಸದ್ದು ನಮಗೆ ಗಡಿಯಾರ ಇದ್ದ ಹಾಗೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯ್ತು, ಪ್ರಯಾಣಿಕರ ವಿಮಾನಗಳೂ ನಿಂತವು. ಆದರೆ ನಮ್ಮ ಮನೆಯ ಚಿಂತೆ ಆಕಾಶದ್ದಲ್ಲ, ಒಂದು ಗೇಟಿನದು.

ಹಿಂದಿನ ವರ್ಷ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು. ಅಮ್ಮ ಕೆಲಸಕ್ಕೆ, ನಾನು ಕಾಲೇಜಿಗೆ. ಕೊನೆಗೆ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. "ಭಾನುವಾರ ಭಾನುವಾರ ಬತ್ತೀವಿ" ಅಂತ ಮಾತು ಕೊಟ್ಟಿದ್ದೆವು. ಆ ಮಾತು ಮಾರ್ಚ್‌ನಲ್ಲಿ ಮುರಿಯಿತು.

ಗೇಟು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಒಂದೇ ಹಾಲ್‌ನಲ್ಲಿ ಅಷ್ಟು ಜನ ವಯಸ್ಸಾದವರು. ಸೋಂಕು ಒಳಗೆ ಹೊಕ್ಕರೆ ಗತಿಯೇನು? ಆರೋಗ್ಯ ಇಲಾಖೆಯೂ ಹಿರಿಯರಿಗೆ ಹೇಳಿದ್ದು ಅದೇ: ಅತಿಥಿಗಳು ಬೇಡ, ಮನೆಯವರ ಜೊತೆ ಫೋನಲ್ಲಿ, ವಿಡಿಯೋದಲ್ಲಿ ಮಾತಾಡಿ.

ಸರಿ, ವಿಡಿಯೋ ಕಾಲ್ ಮಾಡಿದೆವು. ಅಜ್ಜಿಗೆ ಕಿವಿ ಮಂದ. ನೋಡಿಕೊಳ್ಳುವ ಅಕ್ಕ ತಮ್ಮ ಫೋನ್ ಕೈಗೆ ಕೊಟ್ಟ ತಕ್ಷಣ ಅಜ್ಜಿ ಅದನ್ನ ಕಿವಿಗೆ ಒತ್ತಿಕೊಳ್ಳೋರು. ನಮಗೆ ಕಾಣ್ತಿದ್ದದ್ದು ಬರೀ ಕಿವಿ, ಅದರಲ್ಲೊಂದು ಓಲೆ. ಒಂದು ದಿನ ಕೇಳಿದರು: "ನನ್ನ ಬುಟ್ಟುಬುಟ್ರಾ ಮಗಾ?"

ಆ ಪ್ರಶ್ನೆಯೇ ನನ್ನನ್ನ ಇತಿಹಾಸದ ಪುಸ್ತಕಗಳ ಕಡೆ ತಳ್ಳಿತು. ಹಿಂದೆ ಸಾಂಕ್ರಾಮಿಕ ಬಂದಾಗ ಮನೆಯವರನ್ನ ಏನು ಮಾಡಿದ್ರು?

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ರೋಗಿಗಳನ್ನ ಪ್ಲೇಗ್ ಆಸ್ಪತ್ರೆಗೆ, ಜೊತೆಗಿದ್ದವರನ್ನ ಬೇರೆ ಕ್ಯಾಂಪಿಗೆ ಸಾಗಿಸಿದರು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಪ್ಲೇಗ್ ತಡೆಯುವ ಕೆಲಸಕ್ಕೆ ಅಂತ ಆಗ ನಗರದಲ್ಲಿ ಟೆಲಿಫೋನ್ ತಂತಿ ಎಳೆದರು. ಅದು ಅಧಿಕಾರಿಗಳು ಮಾತಾಡಿಕೊಳ್ಳೋಕೆ. ಕ್ಯಾಂಪಿನಲ್ಲಿರೋ ಮಗ ಆಸ್ಪತ್ರೆಯಲ್ಲಿರೋ ತಾಯಿ ಜೊತೆ ಮಾತಾಡೋಕೆ ಅಲ್ಲ.

ಬ್ರಿಟಿಷರು ಪ್ಲೇಗ್‌ಗಾಗಿ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿದ್ದರು. ನಾಲ್ಕೇ ಕಲಮಿನ ಪುಟ್ಟ ಕಾಯ್ದೆ. ಅದರಡಿ ಮನೆ ಮನೆ ಶೋಧ, ಬಲವಂತದ ಬೇರ್ಪಡಿಕೆ ನಡೆದು, ಪುಣೆಯಲ್ಲಿ ಸಿಟ್ಟು ಸ್ಫೋಟಿಸಿತು. ಅದೇ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. 2020ರಲ್ಲಿ ಕರ್ನಾಟಕದ ಕೋವಿಡ್ ನಿಯಮಗಳು ಹೊರಟಿದ್ದೂ ಇದೇ ಕಾಯ್ದೆಯಡಿ. ತಡೆಯೋದು ಹೇಗೆ ಅನ್ನೋದಕ್ಕೆ ಅದರಲ್ಲಿ ಅಧಿಕಾರ ಇದೆ. ತಡೆದ ಮೇಲೆ ಮನೆಯವರು ಹೇಗೆ ಭೇಟಿಯಾಗಬೇಕು? ಅದರ ಬಗ್ಗೆ ಒಂದು ಸಾಲೂ ಇಲ್ಲ.

2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಿರಿಯರ ಪರ ಆದೇಶ ಕೊಟ್ಟಿತು. ಅದರ ಗಮನ ಪಿಂಚಣಿ, ಔಷಧಿ, ಮಾಸ್ಕ್, ವೃದ್ಧಾಶ್ರಮದ ಸಿಬ್ಬಂದಿಯ ರಕ್ಷಣೆ ಮೇಲಿತ್ತು. ಎಲ್ಲವೂ ಬೇಕಾದದ್ದೇ. ಆದರೆ ನೆದರ್ಲೆಂಡ್ಸ್ ಇನ್ನೊಂದು ಹೆಜ್ಜೆ ಇಟ್ಟಿತ್ತು. ಮಾರ್ಚ್ 20ಕ್ಕೆ ಆರೈಕೆ ಕೇಂದ್ರಗಳ ಭೇಟಿ ನಿಲ್ಲಿಸಿದ ಸರ್ಕಾರ, ಮೇ 11ರಿಂದ 26 ಕೇಂದ್ರಗಳಲ್ಲಿ ಪ್ರಯೋಗ ಮಾಡಿತು: ಒಬ್ಬ ನಿವಾಸಿಗೆ ಒಬ್ಬರು, ಯಾವಾಗಲೂ ಅದೇ ವ್ಯಕ್ತಿ. ಕೆನಡಾದ ಒಂಟಾರಿಯೊ ಕೂಡ ಮುಂದೆ ಮನೆಯವರನ್ನ ಬರೀ ಸಂದರ್ಶಕರು ಅನ್ನದೆ, ಆರೈಕೆ ಮಾಡುವವರು ಅಂತ ಗುರುತಿಸಿತು.

ವ್ಯತ್ಯಾಸ ಇಷ್ಟೇ. 1898ರಲ್ಲೂ 2020ರಲ್ಲೂ ನಮ್ಮ ನಿಯಮಗಳಿಗೆ ಮನೆಯವರು ರೋಗ ತರೋರಾಗಿ ಕಂಡರು. ಅಜ್ಜಿಗೆ ತುತ್ತು ಇಡೋರು, ಕಿವಿ ಹತ್ತಿರ ಬಾಯಿಟ್ಟು ಮಾತಾಡೋರು ಅಂತ ಕಾಣಲಿಲ್ಲ.

ನಾವು ದಾರಿ ಹುಡುಕಿಕೊಂಡೆವು. ಅಮ್ಮ ದಪ್ಪ ಅಕ್ಷರದಲ್ಲಿ ಚೀಟಿ ಬರೆಯೋರು: "ರೋಗ ಬಂದೈತೆ, ಅದಕ್ಕೇ ಬಂದಿಲ್ಲ. ಬುಟ್ಟಿಲ್ಲ." ಅದನ್ನ ದೇವನಹಳ್ಳಿ ಚಕ್ಕೋತನ ಜೊತೆ ಚೀಲಕ್ಕೆ ಹಾಕಿ ಸೆಕ್ಯೂರಿಟಿ ಅಣ್ಣನಿಗೆ ಕೊಡ್ತಿದ್ದೆವು. ಆ ಅಕ್ಕ ಚೀಟಿಯನ್ನ ದಿನಾ ಓದಿ ಹೇಳ್ತಿದ್ದರಂತೆ. ಯಾವ ನಿಯಮವೂ ಹೇಳದ ಕೆಲಸ ಅದು.

ಮುಂದಿನ ವರ್ಷದ ಶುರುವಿನಲ್ಲಿ ಗೇಟಿನ ಹತ್ತಿರ ಹತ್ತು ನಿಮಿಷ ಬಿಟ್ಟರು. ಮಾಸ್ಕ್ ಹಾಕಿದ್ದ ನನ್ನ ಗುರುತು ಸಿಗಲಿಲ್ಲ. "ಅಜ್ಜೀ" ಅಂತ ಜೋರಾಗಿ ಕೂಗಿದೆ. ಸೀರೆಯ ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಒಳಗೆ ಮಡಿಸಿಟ್ಟ ಚೀಟಿಗಳು.

ಮತ್ತೊಂದು ಸಾಂಕ್ರಾಮಿಕ ಬಂದರೆ ಗೇಟು ಮುಚ್ಚಲಿ. ಆದರೆ ಒಬ್ಬರ ಹೆಸರು ಮೊದಲೇ ಬರೆದಿಟ್ಟು, ಅವರಿಗೆ ಮಾತ್ರ ತೆರೆಯಲಿ. ನಿಮ್ಮ ಮನೆಯಲ್ಲಿ ಆ ಹೆಸರು ಯಾರದು? ಇವತ್ತೇ ಅಜ್ಜಿ ತಾತನ್ನ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.