ಕಹಳೆ ಬೆಳಗಿದ ಕಥೆ

ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ತೇರು ಮಾಘ ಮಾಸದಲ್ಲಿ. ಅದರ ಆಸುಪಾಸಿನಲ್ಲೇ ನನ್ನ ತಾಯಿಯ ತವರಿನಲ್ಲೂ ಊರದೇವತೆಯ ಹಬ್ಬ. ಹಬ್ಬಕ್ಕೆ ವಾರ ಇದೆ ಎನ್ನುವಾಗ ಅಜ್ಜಿಯ ಮನೆಯ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯುತ್ತಿತ್ತು. ಅದರೊಳಗೆ ಹಳೆ ಸೀರೆಯಲ್ಲಿ ಸುತ್ತಿದ ಹಿತ್ತಾಳೆಯ ಕೊಂಬು ಕಹಳೆ, ಮೂರು ತುಂಡಾಗಿ. ಊದುವ ಹಕ್ಕು ಪಕ್ಕದ ಕೇರಿಯ ಒಂದು ಮನೆತನದ ಗಂಡಸರದು. ಬೆಳಗುವುದು ಮಾತ್ರ ನಮ್ಮಂಥ ಹೆಣ್ಣುಮಕ್ಕಳ ಪಾಲು. ಅದನ್ನು ಯಾರೂ ಹಕ್ಕು ಎಂದು ಕರೆಯಲಿಲ್ಲ ಅನ್ನಿ!

ಕಹಳೆ ಬರೀ ಹಾಡಿಗಿದ್ದ ವಾದ್ಯವಲ್ಲ. ನಮ್ಮ ನಾಡಿನ ಎಷ್ಟೋ ಶಾಸನಗಳಲ್ಲಿ ಸಾಮಂತರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಬರುತ್ತದೆ. ಕೊಂಬು, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ಐದು ವಾದ್ಯಗಳನ್ನು ಹೇಳುವುದುಂಟು. ಇವನ್ನು ಮುಂದೆ ಬಾರಿಸಿಕೊಂಡು ಹೋಗುವುದು ದೊರೆ ಕೊಡಬೇಕಾದ ಮರ್ಯಾದೆ. ದೂರದ ಈಜಿಪ್ಟಿನಲ್ಲೂ ಹಾಗೆಯೇ. 1922ರಲ್ಲಿ ಸಿಕ್ಕ ಟುಟಾಂಖಾಮನ್ ದೊರೆಯ ಗೋರಿಯಲ್ಲಿ ಎರಡು ಕಹಳೆಗಳಿದ್ದವು, ಒಂದು ಬೆಳ್ಳಿಯದು. 1939ರಲ್ಲಿ ಅವನ್ನು ಊದಿಸಿ ಬಿಬಿಸಿ ರೇಡಿಯೋದಲ್ಲಿ ಕೇಳಿಸಿದರು. ಮೂರು ಸಾವಿರ ವರ್ಷಕ್ಕೂ ಹಳೆಯ ವಸ್ತುವನ್ನು ಊದುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.

1981ರ ಹಬ್ಬ. ನನಗೆ ಹನ್ನೆರಡು ವರ್ಷ. ಅಜ್ಜಿ ಹುಣಸೆಹಣ್ಣು ಕೊಟ್ಟು, “ಹಚ್ಚಿದ ತಕ್ಷಣ ತೊಳಿ” ಎಂದಿದ್ದಳು. ನಾನು ದಪ್ಪಗೆ ಮೆತ್ತಿ ಆಟಕ್ಕೆ ಹೋದೆ. ಬಂದು ನೋಡಿದರೆ ಅಲ್ಲಲ್ಲಿ ಕೆಂಪು ಕೆಂಪು ಕಲೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿ ಕಿಲುಬನ್ನು ಕರಗಿಸುತ್ತದೆ, ನಿಜ. ಹೆಚ್ಚು ಹೊತ್ತು ಬಿಟ್ಟರೆ ಸತುವನ್ನೂ ತಿನ್ನುತ್ತದೆ, ತಾಮ್ರದ ಕೆಂಪು ಉಳಿಯುತ್ತದೆ. ಇದು ಆಗ ನನಗೇನು ಗೊತ್ತು? ಹೆದರಿ, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ರಟ್ಟೆ ಸೋಲುವಷ್ಟು ಉಜ್ಜಿದೆ. ಕಹಳೆ ಕನ್ನಡಿಯಾಯಿತು. ಎಲ್ಲರೂ ಹೊಗಳಿದರು.

ಊದುವ ಅಜ್ಜ ಮಾತ್ರ ಅಗಲ ಬಾಯಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ಇಲ್ಲಿ ನಮ್ಮ ತಾತನ ಹೆಸರಿತ್ತಲ್ಲವ್ವಾ” ಎಂದ. ಪಾತ್ರೆ ಅಂಗಡಿಯಲ್ಲಿ ನಮ್ಮ ಹೆಸರು ಹೊಡೆಯುತ್ತಾರಲ್ಲ, ಹಾಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಮೊದಲೇ ಎಷ್ಟೋ ಕೈಗಳಿಂದ ಸವೆದಿತ್ತು. ಉಳಿದದ್ದನ್ನು ನಾನು ಮುಗಿಸಿದ್ದೆ. ಆ ಕಹಳೆಯನ್ನು ದೇವರಿಗೆ ಕೊಟ್ಟವನು ಅವನ ತಾತ. ಆ ಮನೆತನಕ್ಕೆ ಹೊಲದ ಪತ್ರವಿರಲಿಲ್ಲ, ಓದು ಬರಹವಿರಲಿಲ್ಲ. ಊರಿನಲ್ಲಿ ಅವರ ಹೆಸರು ಬರೆದಿದ್ದ ಜಾಗ ಅದೊಂದೇ. ಅವನು ಬೈಯಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ.

ಆಮೇಲೆ ನಾನು ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಇತಿಹಾಸವನ್ನೇ ಹೇಳಿದೆ. ಶಾಸನದ ಪಾಠ ಬಂದಾಗಲೆಲ್ಲ ಆ ಹೆಬ್ಬೆರಳು ಕಣ್ಣ ಮುಂದೆ ಬರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಪೆಟ್ಟಿಗೆ ತೆಗೆಸಿದೆ. ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದರೆ ಕೊನೆಯ ‘ಪ್ಪ’ ಒಂದೇ ಕಂಡಿತು. ನಮ್ಮ ಸೀಮೆಯಲ್ಲಿ ‘ಪ್ಪ’ ಇಲ್ಲದ ಗಂಡಸು ಎಷ್ಟು ಜನ! ಆ ಅಜ್ಜನ ಮೊಮ್ಮಗನನ್ನು ಕರೆಸಿದೆ. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು, ಗುಂಡಿ ಒತ್ತುವಂಥದ್ದು. ಆ ಒತ್ತುಗುಂಡಿಯ ಏರ್ಪಾಟಿಗೆ 1818ರಲ್ಲಿ ಪ್ರಷ್ಯಾದಲ್ಲಿ ಪೇಟೆಂಟ್ ಆಯಿತು. ಆರೈಕೆಯಲ್ಲಿ ಅವನು ನನಗೇ ಮೇಷ್ಟ್ರು. ಊದಿದ ಮೇಲೆ ಒಳಗೆ ನಿಂತ ಉಸಿರಿನ ನೀರು ಬಗ್ಗಿಸಬೇಕು, ಉಗುರುಬೆಚ್ಚನೆ ಸೋಪುನೀರು ಸಾಕು, ದಾರಕ್ಕೆ ಮೆತ್ತನೆ ಬಟ್ಟೆ ಕಟ್ಟಿ ಕೊಳವೆಯೊಳಗೆ ಎಳೆಯಬೇಕು, ಪೂರ್ತಿ ಒಣಗದೆ ಪೆಟ್ಟಿಗೆಗೆ ಹಾಕಬಾರದು. ಒತ್ತುಗುಂಡಿಗೆ ಮಾತ್ರ ಎಣ್ಣೆ. ಫಳಫಳ ಹೊಳೆಯಲೇಬೇಕೆಂಬ ಆಸೆ ಬೇಡ. ಪ್ರತಿ ಸಲ ತಿಕ್ಕಿದಾಗಲೂ ಒಂದಿಷ್ಟು ಲೋಹ ಹೋಗುತ್ತದೆ.

ಮುತ್ತಾತನ ಹೆಸರು ಅವನಿಗೆ ಬಾಯಲ್ಲಿತ್ತು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬಣ್ಣದಲ್ಲಿ ಬರೆಸಿದೆ. ಓದಿ ನೋಡಿ ನಕ್ಕು, “ಕೆಳಗೆ ‘ಉಜ್ಜಬೇಡಿ’ ಅಂತಲೂ ಬರೆಸಿ ಮೇಡಂ” ಎಂದ. ಬರೆಸಿದೆ.