ಇನಿಶಿಯಲ್ ಒಳಗೊಂದು ಊರು

1/5

ಕಾಲೇಜಿನ ಹಾಜರಿ ಪಟ್ಟಿ ನೋಡಿ. ಹೆಸರಿಗೆ ಒಂದೇ ಇನಿಶಿಯಲ್ ಇದ್ರೆ ಅದು ಬಹುಶಃ ಅಪ್ಪನ ಹೆಸರು. ಎರಡಿದ್ರೆ ಮೊದಲನೇದು ಯಾವುದೋ ಊರು ಇರಬಹುದು. ಆ ಊರಿಗೆ ನೀವು ಯಾವತ್ತಾದ್ರೂ ಹೋಗಿದ್ದೀರಾ? ಹೋಗಲಿ, ಅದು ಯಾವ ಜಿಲ್ಲೇಲಿದೆ ಅಂತ ಗೊತ್ತಾ?

ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ಎಲ್ಲರಿಗೂ ಗೊತ್ತು. ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ. ಆದರೆ 'ಎಂ' ಅಂದ್ರೆ ಮುದ್ದೇನಹಳ್ಳಿ ಅಲ್ಲ, ಮೋಕ್ಷಗುಂಡಂ. ಅದು ಆಂಧ್ರದ ಒಂದು ಹಳ್ಳಿ. ಅವರ ಪೂರ್ವಿಕರು ಆ ಊರು ಬಿಟ್ಟು ಎಷ್ಟೋ ತಲೆಮಾರು ಕಳೆದಿತ್ತು. ಹೊಲ ಇಲ್ಲ, ಮನೆ ಇಲ್ಲ, ಉಳಿದದ್ದು ಒಂದು ಅಕ್ಷರ.

ನಮ್ಮ ಬಸವನಗುಡಿ ಕಡೆ ಬನ್ನಿ. ಬುಲ್ ಟೆಂಪಲ್ ರೋಡಿನ ಗೋಖಲೆ ಸಂಸ್ಥೆ ಕಟ್ಟಿದ ಡಿವಿಜಿ ಹುಟ್ಟಿದ್ದು ಮುಳಬಾಗಿಲಲ್ಲಿ, 1887ರಲ್ಲಿ. 'ಡಿ' ಮಾತ್ರ ದೇವನಹಳ್ಳಿ. ಗವಿಪುರದಲ್ಲಿ ಬಾಳಿದ ಮಾಸ್ತಿಯವರಿಗಂತೂ ಊರೇ ಹೆಸರಾಯಿತು. ಮನೆಮಾತು ತಮಿಳು, ಆಸ್ತಿ ಪೂರ್ತಿ ಕನ್ನಡ!

ಅಂದ್ರೆ ಇನಿಶಿಯಲ್ ಹೇಳೋದು ನಾವು ಹುಟ್ಟಿದ ಊರನ್ನಲ್ಲ. ಹೊರಟು ಬಂದ ಊರನ್ನ. ಈ ಸರಣಿ ಆ ಊರನ್ನ ಹುಡುಕೋದು ಹೇಗೆ ಅಂತ.

2/5

"ನಾವು ಪಕ್ಕಾ ಬೆಂಗಳೂರಿನವರು" ಅನ್ನೋ ಮಾತು ನಮ್ಮ ಮನೆಗಳಲ್ಲಿ ಬಹಳ ಕೇಳುತ್ತೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

1537: ಕೆಂಪೇಗೌಡರು ಪೇಟೆ ಕಟ್ಟಿದರು. ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಹೆಸರುಗಳೇ ಹೇಳ್ತಿವೆ, ಕಸುಬು ಹೊತ್ತುಕೊಂಡು ಜನ ಬಂದು ಸೇರಿದ್ರು ಅಂತ.

1638: ಬಿಜಾಪುರದ ಸೈನ್ಯ ಊರನ್ನ ಗೆದ್ದು, ಆಮೇಲೆ ಅದು ಶಹಾಜಿಯ ಜಹಗೀರಾಯಿತು. ಅವರ ಹಿಂದೆ ಮರಾಠಿ ಮಾತಾಡೋ ಮನೆತನಗಳು ಬಂದವು. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನದಲ್ಲಿ ಶಿವಾಜಿಯ ತಮ್ಮ ವೆಂಕೋಜಿ ಕೊಟ್ಟ ದತ್ತಿಯ ಮಾತಿದೆ. ಕೈಯಲ್ಲಿ ಬೆಣ್ಣೆದೋಸೆ ಹಿಡ್ಕೊಂಡು ಅದರ ಪಕ್ಕದಲ್ಲೇ ಎಷ್ಟು ಸಲ ಓಡಾಡಿಲ್ಲ ನಾವು!

ಇನ್ನು ಸಂಕೇತಿಗಳನ್ನ ನೋಡಿ. ತಮಿಳುನಾಡಿನ ಶೆಂಗೋಟೆ ಕಡೆಯಿಂದ ಹೊರಟು ಹಾಸನದ ಕೌಶಿಕ, ಮೈಸೂರು ಜಿಲ್ಲೆಯ ಬೆಟ್ಟದಪುರದ ಸುತ್ತ ನೆಲೆಸಿದವರು. ಹೊರಡೋಕೆ ಕಾರಣ ನಾಚಾರಮ್ಮನಿಗೆ ಆದ ಅವಮಾನ ಅಂತ ಅವರಲ್ಲಿ ಒಂದು ಐತಿಹ್ಯ. ಅವರು ಮನೇಲಿ ಮಾತಾಡೋ ಭಾಷೆಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರರ ಗುರುತೂ ಇದೆ. ದಾರಿಯ ನಕ್ಷೆ ನಾಲಿಗೆ ಮೇಲೇ ಉಳಿದಿದೆ.

ಕೊನೇದಾಗಿ 1898. ಪ್ಲೇಗ್. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಇಲಿ ಬಿದ್ದರೆ ಮನೆ ಖಾಲಿ. ಚಾಮರಾಜಪೇಟೆ 1892ರಲ್ಲೇ ಶುರುವಾಗಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬೋಕೆ ಹಿಡಿದಿದ್ದು ಪ್ಲೇಗಿನ ಭಯದಿಂದ. ನೇರ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಇದೆಲ್ಲ ಆ ಕಾಲದ ಆರೋಗ್ಯದ ಲೆಕ್ಕಾಚಾರ. ಬ್ಲಾಕುಗಳನ್ನ ಹಂಚಿದ್ದು ಮಾತ್ರ ಸಮುದಾಯದ ಲೆಕ್ಕದಲ್ಲಿ.

ಅಂದ್ರೆ "ಮೂಲ ಬಸವನಗುಡಿಯವರು" ಅನ್ನೋ ಬಹುಪಾಲು ಮನೆಗಳಿಗೆ ಬಸವನಗುಡಿಯಲ್ಲಿ ಐದೋ ಆರೋ ತಲೆಮಾರು, ಅಷ್ಟೇ. ಸುಂಕೇನಹಳ್ಳಿ, ಗುಟ್ಟಹಳ್ಳಿಯ ರೈತರು ಅದಕ್ಕೂ ಮುಂಚೆ ಇಲ್ಲಿದ್ದರು. ಪರಿಷೆಗೆ ಕಡ್ಲೆಕಾಯಿ ಬರೋದು ಈಗ ದೂರದ ಊರುಗಳಿಂದ. ಒಂದು ಕಾಲಕ್ಕೆ ಇಲ್ಲೇ ಬೆಳೀತಿದ್ರು.

3/5

ಸರಿ, ಹೆಸರುಗಳು ಎಲ್ಲಿ ಸಿಗುತ್ತೆ?

ಹೆಳವರು. ಇವರ ಬಗ್ಗೆ ಗೊತ್ತಿಲ್ದಿದ್ರೆ ಇವತ್ತು ತಿಳ್ಕೊಳ್ಳಿ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆಯ ವಂಶಾವಳಿ ಹೇಳೋದೇ ಇವರ ಕಸುಬು. ಮೂಲ ಊರು ಯಾವುದು, ಯಾಕೆ ಬಿಟ್ರು, ಅಣ್ಣತಮ್ಮಂದಿರು ಎಲ್ಲೆಲ್ಲಿ ಒಡೆದು ಹೋದ್ರು, ಎಲ್ಲಾ ಹೊತ್ತಿಗೆಯಲ್ಲಿ ಬರೆದಿಟ್ಟಿರ್ತಾರೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸ್ಕೊಂಡು, ದವಸ ದಕ್ಷಿಣೆ ಪಡೆದು ಮುಂದಿನೂರಿಗೆ ಹೋಗ್ತಾರೆ. ಈಗ ಎತ್ತಿನ ಬದಲು ಬೈಕಲ್ಲಿ ಬರೋರೂ ಇದ್ದಾರೆ. ಲಿಂಗಾಯತ, ಒಕ್ಕಲಿಗ, ಕುರುಬ ಮನೆತನದವರಾದ್ರೆ ಹಳ್ಳಿಯಲ್ಲಿರೋ ದೊಡ್ಡಪ್ಪನಿಗೆ ಫೋನ್ ಮಾಡಿ, "ನಮ್ಮ ಹೆಳವರು ಯಾರು?" ಅಂತ ಕೇಳಿ.

ತೀರ್ಥದ ಪಂಡರು. ಗಯಾ, ಕಾಶಿ, ಹರಿದ್ವಾರದಲ್ಲಿ ಊರುವಾರು ಬಹಿ ಇಡ್ತಾರೆ. ಮುತ್ತಜ್ಜ ಗಯಾ ಶ್ರಾದ್ಧ ಮಾಡಿದ್ರೆ ಅವರ ಸಹಿಯೇ ಸಿಗಬಹುದು. ಆದರೆ ಪಂಡರು ಮೊದಲು ಕೇಳೋ ಪ್ರಶ್ನೆ: "ಯಾವ ಊರು?" ಬೆಂಗಳೂರು ಅಂದ್ರೆ ಪ್ರಯೋಜನ ಕಮ್ಮಿ. ಇನಿಶಿಯಲ್ಲಿನ ಊರು ಹೇಳಬೇಕು.

ಚಕ್ಕುಬಂದಿ. ಹಳೇ ಕ್ರಯಪತ್ರ ಬಿಸಾಡಬೇಡಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ ಅಂತ ನಾಲ್ಕು ದಿಕ್ಕೂ ಬರೆದಿರುತ್ತೆ. ಒಂದು ಪತ್ರದಲ್ಲಿ ಇಡೀ ಬೀದಿಯ ನೆನಪು. ಮಾರಿದವರ ಹೆಸರು, ಅವರಪ್ಪನ ಹೆಸರು, ಕಸುಬು ಕೂಡ ಇರಬಹುದು.

ಲಗ್ನಪತ್ರಿಕೆ, ಜಾತಕ, ಹಳೇ ಶಾಲೆಯ ಟಿ.ಸಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇವಿಷ್ಟೂ ಇರ್ತವೆ.

ಮೂಲ ಊರು ಸಿಕ್ಕಿದ ಮೇಲೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ತೆಗೆದು ಆ ಊರಿನ ಶಾಸನ ಇದೆಯಾ ನೋಡಿ. ರೈಸ್ ಹುಟ್ಟಿದ್ದೂ ಬೆಂಗಳೂರಲ್ಲೇ, 1837ರಲ್ಲಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರದ್ದು. ಊರಿನ ಚರಿತ್ರೆ ಹುಡುಕೋರಿಗೆ ಅದು ಒಳ್ಳೇ ಜಾಗ.

4/5

ಈಗ ಸ್ವಲ್ಪ ದೂರ ಹೋಗೋಣ, ಐರ್ಲೆಂಡಿಗೆ.

1845ರಿಂದ ಅಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಬರ ಬಂತು. 1847 ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ ಜನ ಹಡಗು ಹತ್ತಿ ಕೆನಡಾ ಕಡೆ ಹೊರಟರು. ಹಡಗಿನಲ್ಲೇ ಟೈಫಸ್ ಜ್ವರ. ಕ್ವೆಬೆಕ್ ಹತ್ತಿರದ ಗ್ರೋಸ್ ಈಲ್ ಅನ್ನೋ ಕ್ವಾರಂಟೈನ್ ದ್ವೀಪದಲ್ಲಿ ಆ ವರ್ಷ 5,000ಕ್ಕೂ ಹೆಚ್ಚು ಜನರನ್ನ ಮಣ್ಣು ಮಾಡಿದರು. ಬದುಕಿದವರ ಮೊಮ್ಮಕ್ಕಳು ಊರು ಹುಡುಕೋಕೆ ಹೊರಟಾಗ ಇನ್ನೊಂದು ಪೆಟ್ಟು ಕಾದಿತ್ತು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರಕ್ಕೆ ಬೆಂಕಿ ಬಿದ್ದು, ಬರಗಾಲದ ಮುಂಚಿನ ಜನಗಣತಿ ಹಾಳೆಗಳು ಹೆಚ್ಚೂಕಮ್ಮಿ ಪೂರ್ತಿ ಸುಟ್ಟುಹೋಗಿದ್ದವು. ಅದಕ್ಕೇ ಇವತ್ತಿಗೂ ಅವರು ತೆರಿಗೆಗಾಗಿ ಮಾಡಿದ ಜಮೀನು ಲೆಕ್ಕ, ಚರ್ಚಿನ ಪುಸ್ತಕ ಹಿಡಿದು ಹುಡುಕ್ತಾರೆ.

ನಮ್ಮ ಕಥೆ ಬೇರೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಜನಗಣತಿ ಆಯ್ತು. ಆದರೆ ಅಚ್ಚಾದ ವರದಿಯಲ್ಲಿ ಸಿಗೋದು ಊರಿನ ಲೆಕ್ಕ, ಮುತ್ತಜ್ಜಿಯ ಹೆಸರಲ್ಲ. ಅಲ್ಲಿ ಬೆಂಕಿ ಒಂದೇ ದಿನ ಮಾಡಿದ ಕೆಲಸ ಇಲ್ಲಿ ನಿಧಾನವಾಗಿ ನಡೀತಿದೆ. ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಟ್ರಂಕು ಹೋಗೋದು ಗುಜರಿಗೆ.

ಇನ್ನೊಂದು ಮಾತು, ಇದು ಮುಖ್ಯ. ಸಿಕ್ಕೋ ವಂಶಾವಳಿಯಲ್ಲಿ ಯಾರ ಹೆಸರಿಲ್ಲ ಅಂತಲೂ ನೋಡಿ. ಬಿ.ಎಂ.ಶ್ರೀ ಅವರ 'ಬಿ' ಮಂಡ್ಯ ಜಿಲ್ಲೆಯ ಬೆಳ್ಳೂರು, 'ಎಂ' ತಂದೆ ಮೈಲಾರಯ್ಯ. ಹುಟ್ಟಿದ್ದು ಮಾತ್ರ ತುಮಕೂರು ಜಿಲ್ಲೆಯ ಸಂಪಿಗೆ, ಅಮ್ಮನ ಕಡೆಯ ಊರು. ಬಾಣಂತನ ತವರಲ್ಲಿ, ಇನಿಶಿಯಲ್ ಗಂಡನ ಊರಿನದು. ಹೀಗೆ ಅರ್ಧ ಚರಿತ್ರೆ ಕಾಣೆಯಾಗುತ್ತೆ. ಕೆಲವು ಮನೆಗಳಲ್ಲಿ ಮದುವೆ ದಿನ ಹೆಣ್ಣಿನ ಹೆಸರೇ ಬದಲಾಗ್ತಿತ್ತು, ಹುಟ್ಟಿದ ಹೆಸರು ಗೊತ್ತಿರೋದು ತವರಿನವರಿಗೆ ಮಾತ್ರ. ತಮಾಷೆ ಅಂದ್ರೆ, ತರ್ಪಣ ಕೊಡೋ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ, ತಾಯಿಯ ತಂದೆ ಎಲ್ಲರ ಹೆಸರನ್ನೂ ಹೇಳಲೇಬೇಕು. ವಂಶವೃಕ್ಷ ಬರೆಯೋಕೆ ಕೂತಾಗ ಅದೇ ಹೆಸರುಗಳನ್ನ ಬಿಟ್ಟುಬಿಡ್ತಾರೆ.

ಹಾಗೇ, ಜಮೀನು ಇಲ್ಲದವರಿಗೆ ಕ್ರಯಪತ್ರ ಇಲ್ಲ. ಶಾಲೆಗೆ ಸೇರಿಸಿಕೊಳ್ಳದವರಿಗೆ ಟಿ.ಸಿ. ಇಲ್ಲ. ನಿಮ್ಮ ಫ್ರೆಂಡ್‌ಗೆ ಮೂರು ತಲೆಮಾರಿನ ಆಚೆ ಹೆಸರು ಗೊತ್ತಿಲ್ಲ ಅಂದ್ರೆ ಅವರ ಮನೆಯವರಿಗೆ ನೆನಪಿನ ಶಕ್ತಿ ಕಮ್ಮಿ ಅಂತಲ್ಲ. ಬರೆದಿಡೋರು ಅವರ ಬಾಗಿಲಿಗೆ ಬರಲೇ ಇಲ್ಲ. ಅಂಥ ಮನೆಗಳಲ್ಲಿ ಅಜ್ಜಿಯ ಮಾತೇ ದಾಖಲೆ. ಅದು ಇನ್ನೂ ಅರ್ಜೆಂಟು.

5/5

ಈ ಭಾನುವಾರದ ಕೆಲಸ. ಸೇವ್ ಮಾಡ್ಕೊಳ್ಳಿ.

ಒಂದು: ಮನೇಲಿ ಎಲ್ಲರಿಗಿಂತ ವಯಸ್ಸಾದವರ ಹತ್ರ ಕೂತ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಹಾಕಿ. "ನಮ್ಮ ವಂಶ ಹೇಳಿ" ಅನ್ನಬೇಡಿ, ಸುಮ್ಮನಾಗಿಬಿಡ್ತಾರೆ. "ಅಜ್ಜಿ, ನಿಮ್ಮ ಅಮ್ಮನ ತವರು ಯಾವುದು? ಬೇಸಿಗೆ ರಜಕ್ಕೆ ಎಲ್ಲಿಗೆ ಹೋಗ್ತಿದ್ರಿ?" ಅಂತ ಕೇಳಿ.

ಎರಡು: ಮನೆದೇವರು ಯಾವುದು, ಎಲ್ಲಿದೆ? ಊರು ಮರೆತವರೂ ಮನೆದೇವರನ್ನ ಮರೆತಿರಲ್ಲ. ಎಷ್ಟೋ ಸಲ ಮೂಲ ಊರು ಅದರ ಆಸುಪಾಸಲ್ಲೇ ಇರುತ್ತೆ.

ಮೂರು: ಟ್ರಂಕಿನ ಕಾಗದಗಳ ಫೋಟೋ ತೆಗೀರಿ, ಎರಡೂ ಬದಿ. ಹಳೇ ಫೋಟೋಗಳ ಹಿಂದೆ ಪೆನ್ಸಿಲ್ಲಲ್ಲಿ ಹೆಸರು ಬರೀರಿ. ಈಗ ಗುರುತು ಹೇಳೋರು ಇದ್ದಾರೆ, ಇನ್ನು ಹತ್ತು ವರ್ಷಕ್ಕೆ?

ನಾಲ್ಕು: ಅಮ್ಮನ ಕಡೆಯದನ್ನ ಮೊದಲು ಬರೀರಿ. ಅಪ್ಪನ ಕಡೆಯದಕ್ಕೆ ಇನಿಶಿಯಲ್ ಕಾವಲಿದೆ, ಅಮ್ಮನದಕ್ಕೆ ಯಾರೂ ಇಲ್ಲ.

ಹುಡುಕ್ತಾ ಹೋದ್ರೆ ಒಂದು ಗಡಿ ದಾಟಲೇಬೇಕಾಗುತ್ತೆ. ಯಾರಿಗೋ ಆಂಧ್ರ, ಯಾರಿಗೋ ಶೆಂಗೋಟೆ, ಯಾರಿಗೋ ಪುಣೆ, ಯಾರಿಗೋ ಮಾಗಡಿ ಪಕ್ಕದ ಹಳ್ಳಿ. ಕೆಲಸ ಹುಡುಕಿಕೊಂಡು ಹೋದ ವಾರ ಮೆಜೆಸ್ಟಿಕ್‌ನಲ್ಲಿ ಇಳಿದ ಹುಡುಗನಿಗೂ ನಮಗೂ ಇರೋ ವ್ಯತ್ಯಾಸ ಇಷ್ಟೇ: ನಮ್ಮ ಬಸ್ಸು ಸ್ವಲ್ಪ ಮುಂಚೆ ಬಂತು.

ನಿಮ್ಮ ಇನಿಶಿಯಲ್ಲಿನ ಊರು ಯಾವುದು? ಅಮ್ಮನ ಊರಿನ ಹೆಸರನ್ನೂ ಸೇರಿಸಿ ಬರೀರಿ.

#ಇನಿಶಿಯಲ್‌ಊರು #ಬಸವನಗುಡಿ #ಮಲ್ಲೇಶ್ವರ #ಚಾಮರಾಜಪೇಟೆ #ಹೆಳವರು