ಪ್ರಜಾಪ್ರತಿರೋಧ: ಶಿಕಾರಿಪುರ–ಸೊರಬ ಸೀಮೆ

ಹೊಸಬಾಳೆ ಗ್ರಾಮವನ್ನೊಳಗೊಂಡ ಸೊರಬ ತಾಲ್ಲೂಕೂ ಅದರ ನೆರೆಯ ಶಿಕಾರಿಪುರವೂ ಹಿಂದೆ ನಗರ ಫೌಜುದಾರಿ ಎಂಬ ಆಡಳಿತ ವಿಭಾಗಕ್ಕೆ ಸೇರಿದ್ದು, ಪೀಡಕವಾದ ಅಧಿಕಾರವನ್ನು ಸಾಮಾನ್ಯ ರೈತಾಪಿ ಜನರು ಧಿಕ್ಕರಿಸಿ ನಿಂತ ದೃಷ್ಟಾಂತಗಳು ಈ ಪ್ರಾಂತದ ಚರಿತ್ರೆಯಲ್ಲಿ ಮೇಲಿಂದ ಮೇಲೆ ದೊರೆಯುತ್ತವೆ. ಇಂತಿಷ್ಟು ಹಣವನ್ನು ಸಲ್ಲಿಸುವುದಾಗಿ ಶರತ್ತು ಬರೆದುಕೊಟ್ಟ ಅಮಲ್ದಾರರ ನಿರ್ದಯ ವಸೂಲಿಯಿಂದ ನೊಂದ ನಗರಸೀಮೆಯ ರೈತರು 1830ರಲ್ಲಿ ಕೂಟ ಸೇರಿ ಕಂದಾಯವನ್ನು ಕೊಡಲೊಲ್ಲೆವೆಂದರು. ಆ ದಂಗೆಯನ್ನೇ ಕಾರಣವಾಗಿ ಮುಂದಿಟ್ಟು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು.

ಇದಕ್ಕಿಂತ ಗಾಢವಾಗಿ ಜನಸ್ಮೃತಿಯಲ್ಲಿ ನೆಲೆಗೊಂಡಿರುವುದು ಶಿಕಾರಿಪುರ ತಾಲ್ಲೂಕಿನ ಈಸೂರಿನ ವೃತ್ತಾಂತ. 1942ರಲ್ಲಿ ಗಾಂಧೀಜಿಯವರ ‘ಭಾರತ ಬಿಟ್ಟು ತೊಲಗಿ’ ಕರೆಯು ಹಳ್ಳಿಹಳ್ಳಿಗೂ ಮುಟ್ಟಿದಾಗ ಈಸೂರಿನವರು ಶ್ಯಾನುಭೋಗ ಪಟೇಲರಿಂದ ಲೆಕ್ಕಪತ್ರಗಳನ್ನು ಕಸಿದುಕೊಂಡು, ವೀರಭದ್ರ ದೇವಾಲಯದ ಮೇಲೆ ತ್ರಿವರ್ಣಧ್ವಜವನ್ನೇರಿಸಿ, ತಮ್ಮ ಊರು ಸ್ವತಂತ್ರವೆಂದು ಸಾರಿ, ಬಾಲಕರಿಬ್ಬರನ್ನೇ ಅಮಲ್ದಾರನನ್ನಾಗಿಯೂ ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬುದು ಅವರ ಘೋಷ. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರರು ಪೋಲೀಸರೊಡನೆ ಊರೊಳಗೆ ಬಂದಾಗ ಘರ್ಷಣೆ ನಡೆದು, ಗುಂಡು ಹಾರಿ, ಕೆರಳಿದ ಜನರ ಏಟಿಗೆ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಅಸುನೀಗಿದರು. ಹೋರಾಟದ ಧ್ಯೇಯವೆಷ್ಟೇ ಉನ್ನತವಾದರೂ ಆ ಎರಡು ಪ್ರಾಣಗಳ ಹಾನಿಯನ್ನು ಮರೆಮಾಚಿ ಈಸೂರಿನ ಕಥೆಯನ್ನು ಹೇಳುವುದು ನ್ಯಾಯವಲ್ಲ. ಬಳಿಕ ನಡೆದುದಾದರೋ ಇಡೀ ಊರಿನ ಮೇಲಣ ದಂಡನೆ: ಮನೆಗಳು ಲೂಟಿಯಾದುವು, ಬೆಂಕಿಗೆ ಆಹುತಿಯಾದುವು, ಜನರು ಕಾಡನ್ನು ಹೊಕ್ಕರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಹುತಾತ್ಮರ ಹೆಸರು ಶಿಲೆಯಲ್ಲಿ ಉಳಿಯುವುದು ಯುಕ್ತವೇ. ಆದರೆ ಜೀವಾವಧಿ ಶಿಕ್ಷೆಗೆ ಗುರಿಯಾದ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಮೊದಲಾದವರ ಸ್ಥೈರ್ಯವೂ, ಮಕ್ಕಳನ್ನು ಕಟ್ಟಿಕೊಂಡು ಅರಣ್ಯದಲ್ಲಿ ಅಡಗಿ ಬಾಳಿದ ತಾಯಂದಿರ ಸಹನೆಯೂ ಆ ಐವರ ಧೈರ್ಯಕ್ಕೆ ಕಿರಿದಾದುವಲ್ಲ.

1975–77ರ ತುರ್ತುಪರಿಸ್ಥಿತಿಯಲ್ಲಿ, ಈ ಬಾರಿ ಸ್ವತಂತ್ರ ಭಾರತದ ಸರ್ಕಾರದಿಂದಲೇ, ವಿಚಾರಣೆಯಿಲ್ಲದ ಸೆರೆವಾಸ ಜನರ ಪಾಲಿಗೆ ಬಂದಿತು. ಹೊಸಬಾಳೆಯಲ್ಲಿ ಜನಿಸಿದ, ಅಂದು ವಿದ್ಯಾರ್ಥಿ ಕಾರ್ಯಕರ್ತರಾಗಿದ್ದ ದತ್ತಾತ್ರೇಯ ಹೊಸಬಾಳೆ ಆಂತರಿಕ ಭದ್ರತಾ ಕಾಯಿದೆಯಡಿ ಬಂಧಿತರಾದವರಲ್ಲೊಬ್ಬರು. ಆಗಲೇ ಬಂಧಿತರಾದ ‘ಸಂಸ್ಕಾರ’ ಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿಯವರು ಈಸೂರಿನ ಐವರು ಗಲ್ಲಿಗೇರಿದ ಅದೇ ಜೈಲಿನಲ್ಲಿ ಉಬ್ಬಸದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲಿನ ಆವರಣವು ಈಗ ಸ್ವಾತಂತ್ರ್ಯ ಉದ್ಯಾನವಾಗಿದ್ದು, ಬೆಂಗಳೂರಿನ ಪ್ರತಿಭಟನಾ ಸಭೆಗಳು ಅಲ್ಲಿಯೇ ನಡೆಯುತ್ತವೆ.